ಮೂರು ನಿಮಿಷದ ಅಕ್ಕ ಮತ್ತು ನಾನು ಓದದೆ ಉಳಿಸಿದ ಸಾಲು

ಆ ಬುಧವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನಾನು ಈ ಲೇಖನವನ್ನು ಮುಗಿಸಿದ್ದೆ. ಆಗ ಇದು ನಮ್ಮ ಮಕ್ಕಳ ಕಿರುಚಿತ್ರ ಘಟಕದ ಅಕ್ಕನ ನಿವೃತ್ತಿಯ ಅಭಿನಂದನ ಗ್ರಂಥಕ್ಕೆಂದು ಬರೆದ ಲೇಖನವಾಗಿತ್ತು. ಅಕ್ಕ ಆಯುರಾರೋಗ್ಯದಿಂದ ಬಾಳಿ ಇನ್ನೂ ನೂರಾರು ಚಿತ್ರಗಳನ್ನು ಮಕ್ಕಳಿಗೆ ಕೊಡಲಿ ಎಂದು ಕೊನೆಯ ವಾಕ್ಯದಲ್ಲಿ ಹಾರೈಸಿ, ಪೆನ್ನಿನ ಮುಚ್ಚಳ ಹಾಕಿ, ಹಾಳೆಗಳನ್ನು ಜೋಡಿಸಿ ಪಿನ್ನು ಚುಚ್ಚುತ್ತಿದ್ದೆ. ಫೋನು ಬಂತು. ನಮ್ಮ ಘಟಕದ ಕ್ಯಾಮೆರಾಮನ್. ಕಣ್ಣು ಕಿರಿದು ಮಾಡಿ ದೂರ ನೋಡುವ ಅಭ್ಯಾಸದಿಂದಾಗಿ ಅವನಿಗೆ ದುರ್ಬೀನು ಎಂಬ ಹೆಸರು ಬಿದ್ದು ಇಪ್ಪತ್ತೈದು ವರ್ಷವಾಯಿತು.

“ಮಾಸ್ತರೇ, ಎಲ್ಲಿದ್ದೀರಿ?”

“ಮನೇಲೇ ಇದ್ದೀನಪ್ಪ. ಲೇಖನ ಮುಗೀತು ಅಂತ ಅಕ್ಕನಿಗೆ ಹೇಳು. ಬೈಗುಳ ಏನೂ ಇಲ್ಲ, ಹೆದರಬೇಡಿ ಅಂತಾನೂ ಹೇಳು.”

“ಕೂತ್ಕೊಳ್ಳಿ,” ಎಂದ.

“ಕೂತೇ ಇದ್ದೀನಿ.”

“ಅಕ್ಕ ಹೋಗ್ಬಿಟ್ರು ಮಾಸ್ತರೇ.”

“ಎಲ್ಲಿಗೆ?” ಎಂದು ಕೇಳಿದೆ.

ಎಪ್ಪತ್ತನಾಲ್ಕು ವರ್ಷದವನು, ಅರ್ಧ ಆಯುಷ್ಯ ಭಾಷೆ ಕಲಿಸಿದವನು, ಆ ಮಾತಿನ ಅರ್ಥ ತಿಳಿಯದೆ ಹಾಗೆ ಕೇಳಿದೆನೇ, ತಿಳಿಯಲು ಮನಸ್ಸಿಲ್ಲದೆ ಕೇಳಿದೆನೇ, ಇಂದಿಗೂ ಹೇಳಲಾರೆ. ಆಮೇಲೆ ತಿಳಿಯಿತು: ಬೆಳಿಗ್ಗೆ ಅಂಗಡಿಗೆ ಹೊರಟ ಗಂಡನ ಕೈಗೆ ಊಟದ ಡಬ್ಬಿ ಕೊಟ್ಟು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಚಪ್ಪಲಿ ಹಾಕಿಕೊಳ್ಳಲೆಂದು ಕುಳಿತವರು ಮತ್ತೆ ಏಳಲಿಲ್ಲ. ಒಂದು ಕಾಲಿಗೆ ಚಪ್ಪಲಿ ಇತ್ತು. ಹೃದಯ ನಿಂತಿತು ಎಂದರು ವೈದ್ಯರು. ನಿವೃತ್ತಿಯ ಸಮಾರಂಭಕ್ಕೆ ಹನ್ನೊಂದು ದಿನ ಉಳಿದಿತ್ತು.

ಗ್ರಂಥವನ್ನು ನಿಲ್ಲಿಸುವುದು ಬೇಡವೆಂದು ಸಮಿತಿಯವರು ತೀರ್ಮಾನಿಸಿದರು. ಸಂಪಾದಕರು ಮನೆಗೇ ಬಂದು, “ಲೇಖನ ಹಾಗೇ ಇರಲಿ, ಕೊನೆಯ ಪ್ಯಾರಾ ಒಂದನ್ನ ಬದಲಾಯಿಸಿಕೊಡಿ ಸಾರ್,” ಎಂದು ಮೆಲ್ಲಗೆ ಕೇಳಿದರು. ಆಗಲಿ ಎಂದೆ. ಆದರೆ ಬದಲಾಯಿಸಲು ಕುಳಿತು ಮೊದಲಿನಿಂದ ಓದಿದಾಗ, ನಾನು ಎರಡು ವಿಷಯಗಳನ್ನು ಜಾಣತನದಿಂದ ಬಿಟ್ಟಿದ್ದೇನೆಂದು ಕಂಡಿತು. ಅಕ್ಕ ಇದ್ದಿದ್ದರೆ ಅವು ಬಿಟ್ಟೇ ಹೋಗುತ್ತಿದ್ದವು. ಅವರಂತೂ ಬಾಯಿ ಬಿಡುವವರಲ್ಲ. ಈಗ ಬಿಟ್ಟರೆ ಹೇಳುವವರು ಯಾರೂ ಉಳಿಯುವುದಿಲ್ಲ. ಆದ್ದರಿಂದ ಹಳೆಯ ಹಾಳೆಗಳನ್ನು ಬದಿಗಿಟ್ಟು ಪೂರ್ತಿ ಹೊಸದಾಗಿ ಬರೆಯುತ್ತಿದ್ದೇನೆ.

ಮಕ್ಕಳಿಗಾಗಿ ಕಿರುಚಿತ್ರ ಮಾಡುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ಫೋನು ಇರುವವರೆಲ್ಲ ಮಾಡುತ್ತಾರೆ. ಆದರೆ ವಿಜ್ಞಾನ, ಇತಿಹಾಸ, ಸಂಸ್ಕೃತಿ ಎಂಬ ದೊಡ್ಡ ಮಾತುಗಳನ್ನು ಮೂರು ನಿಮಿಷದೊಳಗೆ ಅಡಗಿಸಿ, ನೋಡಿದ ಮಗುವಿನ ಬಾಯಲ್ಲಿ ಒಂದು ಪ್ರಶ್ನೆ ಹುಟ್ಟಿಸಿ ಕಳಿಸುವ ಕೆಲಸವನ್ನು ಮೂವತ್ತನಾಲ್ಕು ವರ್ಷ ಒಂದೇ ಕಟ್ಟಡದಲ್ಲಿ, ಒಂದೇ ಮೇಜಿನ ಮುಂದೆ ಕುಳಿತು ಮಾಡಿದವರು ನಮ್ಮ ಅಕ್ಕ ಒಬ್ಬರೇ ಎಂದರೆ ಅತಿಶಯೋಕ್ತಿಯಾಗಲಾರದು. ‘ಮೂರು ನಿಮಿಷದ ಅಕ್ಕ’ ಎಂದು ಮಕ್ಕಳು ಕರೆದರು. ಆಮೇಲೆ ಅಧಿಕಾರಿಗಳೂ ಕರೆದರು. ಅವರಿಗಿಂತ ಹದಿನಾಲ್ಕು ವರ್ಷ ದೊಡ್ಡವನಾದ ನಾನೂ ಅಕ್ಕ ಎಂದೇ ಕರೆದೆ. ಅವರು ನನ್ನನ್ನು ಅಣ್ಣ ಎನ್ನುತ್ತಿದ್ದರು. “ಇಬ್ಬರಲ್ಲಿ ಯಾರು ದೊಡ್ಡೋರು ಅಂತ ಮೊದಲು ತೀರ್ಮಾನ ಮಾಡ್ಕೊಳ್ಳಿ, ಆಮೇಲೆ ಮಕ್ಕಳಿಗೆ ಬುದ್ಧಿ ಹೇಳುವಿರಂತೆ,” ಎಂದು ಅವರ ಅತ್ತೆ ನಗುತ್ತಿದ್ದರು.

ಅಕ್ಕ ಘಟಕಕ್ಕೆ ಬಂದಾಗ ಅವರಿಗೆ ಇಪ್ಪತ್ತಾರು ವರ್ಷ. ಶಿಕ್ಷಣ ಇಲಾಖೆಯ ಹಳೆಯ ಕಟ್ಟಡದ ಎರಡನೆಯ ಮಹಡಿ. ಕೆಳಗೆ ಪಠ್ಯಪುಸ್ತಕದ ಗೋದಾಮು. ಮೇಲೆ ಎರಡು ಕೋಣೆ. ಒಂದರಲ್ಲಿ ಪ್ರೊಜೆಕ್ಟರುಗಳು ಧೂಳು ತಿನ್ನುತ್ತಿದ್ದವು, ಇನ್ನೊಂದು ಖಾಲಿ. ಆ ಖಾಲಿ ಕೋಣೆಯನ್ನು ಧ್ವನಿ ಮುದ್ರಿಸುವ ಕೋಣೆ ಮಾಡಬೇಕೆಂದು ಅಕ್ಕ ಹಟ ಹಿಡಿದರು. ಇಲಾಖೆ ಅದಕ್ಕೇನೂ ಕೊಡಲಿಲ್ಲ. ಎದುರಿನ ಬೇಕರಿಯವನು ಎಸೆಯುತ್ತಿದ್ದ ಮೊಟ್ಟೆಯ ಟ್ರೇಗಳನ್ನು ಎರಡು ತಿಂಗಳು ಕೂಡಿಸಿ, ಬಿಸಿಲಿಗೆ ಒಣಗಿಸಿ, ನಾಲ್ಕು ಗೋಡೆಗೂ ಚಾವಣಿಗೂ ತಾವೇ ಅಂಟಿಸಿದರು. ಸದ್ದು ಹೊರಗಿನಿಂದ ಬರುವುದು ಪೂರ್ತಿ ನಿಲ್ಲಲಿಲ್ಲ. ಒಳಗಿನದು ಗೋಡೆಗೆ ಬಡಿದು ಮರಳುವುದು ಮಾತ್ರ ನಿಂತಿತು. ಈಗಲೂ ಆ ಟ್ರೇಗಳೇ ಇವೆ. ಹೊಸ ಸಾಮಾನು ಬಂದಾಗಲೂ ಅವರು ತೆಗೆಸಲಿಲ್ಲ.

ನಾನು ಆಗ ಪಕ್ಕದ ಶಾಲೆಯಲ್ಲಿ ಭಾಷೆ ಕಲಿಸುತ್ತಿದ್ದೆ. ನನ್ನ ಸ್ವರ ಗಟ್ಟಿ. ಪ್ರಾರ್ಥನೆಯ ಹೊತ್ತಿಗೆ ನಾನು ಓದಿದರೆ ಮೈಕು ಬೇಕಾಗುತ್ತಿರಲಿಲ್ಲ. ಹುಡುಗರು ಗಂಟೆ ಮಾಸ್ತರು ಎನ್ನುತ್ತಿದ್ದರು. ಒಂದು ದಿನ ಅಕ್ಕ ಶಾಲೆಯ ಗೇಟಿನ ಬಳಿ ನಿಂತು ಕೇಳಿಸಿಕೊಂಡರಂತೆ. ಸಂಜೆ ಬಂದು, “ಸಾರ್, ನಿಮ್ಮ ಧ್ವನಿ ನನಗೆ ಬೇಕು. ಆದರೆ ಅರ್ಧ ಸಾಕು,” ಎಂದರು. ಅರ್ಧ ಎಂದರೇನು ಎಂದು ಕೇಳಿದೆ. “ತರಗತಿಗೆ ಹೇಳೋ ಹಾಗಲ್ಲ, ಪಕ್ಕದಲ್ಲಿ ಕೂತ ಒಂದು ಮಗುವಿಗೆ ಹೇಳೋ ಹಾಗೆ.” ಆ ಅರ್ಧ ಧ್ವನಿಯನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಮೈಕಿನ ಆಚೆಯಿಂದ ಕೈ ಎತ್ತಿ ಅವರು, “ಅಣ್ಣಾ, ಗಂಟೆ ಬಾರಿಸಬೇಡಿ,” ಎನ್ನದ ದಿನವಿರಲಿಲ್ಲ.

ಮೂರು ನಿಮಿಷವೇ ಏಕೆ ಎಂದು ಎಲ್ಲರೂ ಕೇಳುತ್ತಿದ್ದರು. ಅವರ ಲೆಕ್ಕ ಸರಳವಾಗಿತ್ತು. ಎರಡು ಪೀರಿಯಡುಗಳ ನಡುವೆ ಐದು ನಿಮಿಷ ಬಿಡುವು; ಮೂರು ನಿಮಿಷ ಚಿತ್ರಕ್ಕೆ, ಎರಡು ನಿಮಿಷ ಮಕ್ಕಳ ಬಾಯಿಗೆ. ಗಡಿಯಾರ ರಿಪೇರಿ ಮಾಡುವ ಅವರ ಯಜಮಾನರು ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. “ನನ್ನ ಅಂಗಡಿಯಲ್ಲಿರೋ ಯಾವ ಗಡಿಯಾರದಲ್ಲೂ ಇವಳ ಮೂರು ನಿಮಿಷ ಮೂರು ತಿಂಗಳಿಗೆ ಕಮ್ಮಿ ಇಲ್ಲ,” ಎನ್ನುತ್ತಿದ್ದರು. ಅದು ಸತ್ಯ. ಸೌಟಿನ ಒಳಮೈಯಲ್ಲಿ ಮುಖ ತಲೆಕೆಳಗಾಗಿ ಕಾಣುವುದೇಕೆ ಎಂಬ ಚಿತ್ರಕ್ಕೆ ಅವರು ಮನೆಯ, ನೆರೆಮನೆಯ, ಬೇಕರಿಯ ಸೌಟುಗಳನ್ನೆಲ್ಲ ತರಿಸಿ ನೋಡಿದರು. ಮಗುವಿನ ಮನೆಯಲ್ಲಿ ಇಲ್ಲದ ವಸ್ತು ಚಿತ್ರದಲ್ಲಿ ಬರಬಾರದೆಂಬುದು ಅವರ ನಿಯಮ. ನೋಡಿದ ಮಗು ಅಡುಗೆಮನೆಗೆ ಓಡಿ ಅದನ್ನೇ ಮಾಡಿ ನೋಡಬೇಕು.

ಇತಿಹಾಸಕ್ಕೂ ಅದೇ ನಿಯಮ. ರಾಜರ ಚಿತ್ರ ಮಾಡಿ ಎಂದು ಮೇಲಿನವರು ಹೇಳಿದಾಗ, ಅಕ್ಕ ನಮ್ಮ ಕಟ್ಟಡದ ಮೆಟ್ಟಿಲನ್ನು ಚಿತ್ರಿಸಿದರು. ಕಲ್ಲಿನ ಮೆಟ್ಟಿಲು ನಡುವೆ ಮಾತ್ರ ಬಟ್ಟಲಿನಂತೆ ಸವೆದಿದೆ. ಯಾರು ಸವೆಸಿದರು? ಎಷ್ಟು ಕಾಲು ಬೇಕಾಯಿತು? ಹತ್ತುವವರು ಹೆಚ್ಚು ಸವೆಸುತ್ತಾರೋ, ಇಳಿಯುವವರೋ? ದುರ್ಬೀನು ನಾಲ್ಕು ದಿನ ಮೆಟ್ಟಿಲ ಬುಡದಲ್ಲಿ ಮಲಗಿ ಬರೀ ಪಾದಗಳನ್ನು ಹಿಡಿದ. ಹತ್ತುವ ಸಾಹೇಬರ ಬೂಟೂ ಕಸಗುಡಿಸುವಾಕೆಯ ಬರಿಗಾಲೂ ಒಂದೇ ಗುಳಿಯಲ್ಲಿ ಬೀಳುವುದನ್ನು ನೋಡಿದ ಮೇಲೆ ನನಗೆ ಯಾವ ಕೋಟೆಯ ಇತಿಹಾಸವೂ ಅಷ್ಟು ದೊಡ್ಡದೆನಿಸಲಿಲ್ಲ. ಇನ್ನೊಂದು ಸಲ ಆರು ಭಾಷೆಯ ತಾಯಂದಿರಿಂದ ಮಾತಿಲ್ಲದ ಜೋಗುಳ ಗುನುಗಿಸಿ, ಎಲ್ಲರೂ ಕೂಸನ್ನು ಒಂದೇ ಲಯದಲ್ಲಿ ತಟ್ಟುವುದೇಕೆ ಎಂದು ಕೇಳಿದರು.

ಚಿತ್ರ ಹೊರಗೆ ಹೋಗುವ ಮುಂಚೆ ಒಂದು ಪರೀಕ್ಷೆ ಇತ್ತು. ಕಸಗುಡಿಸುವಾಕೆ, ಚಹಾ ತರುವವನು, ಅಕ್ಕನ ಅತ್ತೆ, ಈ ಮೂವರಿಗೆ ತೋರಿಸಬೇಕು. ನೋಡಿ ಮುಗಿದ ಮೇಲೆ ಏನನ್ನೂ ಕೇಳದೆ ಎದ್ದು ಹೋದರೆ ಚಿತ್ರ ಫೇಲು. “ಚೆನ್ನಾಗಿದೆ ಅಂದ್ರೂ ಫೇಲೇ,” ಎನ್ನುತ್ತಿದ್ದರು ಅಕ್ಕ. ಅತ್ತೆಗೆ ಕಿವಿ ಮಂದ. ಬೀಜ ಮೊಳೆಯುವ ಚಿತ್ರವನ್ನು ನೋಡಿ, “ಅದೆಲ್ಲ ಸರಿ ಕಣೇ, ನೀರು ಹಾಕ್ತಾಳಲ್ಲ ಆ ಹುಡುಗಿ, ಅವಳ್ಯಾಕೆ ಅಷ್ಟು ಸೊರಗಿದ್ದಾಳೆ?” ಎಂದು ಕೇಳಿದರು. ದುರ್ಬೀನು ನಕ್ಕ. ಅಕ್ಕ ನಗಲಿಲ್ಲ. ಪ್ರಶ್ನೆ ಪ್ರಶ್ನೆಯೇ ಎಂದು ಚಿತ್ರವನ್ನು ಪಾಸು ಮಾಡಿದರು. ಮಾರನೆಯ ವಾರ ಆ ಹುಡುಗಿಯ ಮನೆಗೂ ಹೋಗಿ ಬಂದರು. ಆ ಹುಡುಗಿ ಈಗ ನರ್ಸು. ಮೊನ್ನೆ ಅಕ್ಕನ ಮುಖದ ಮೇಲಿನ ಕೂದಲು ಸರಿಸಿದವಳು ಅವಳೇ.

ಇನ್ನು ನಾನು ಬಿಟ್ಟಿದ್ದ ಮೊದಲನೆಯ ವಿಷಯ.

ಅಕ್ಕ ಸೇರಿದ ಐದನೆಯ ವರ್ಷ, ಚಂದ್ರ ಏಕೆ ದಿನದಿನಕ್ಕೆ ಕರಗಿ ಬೆಳೆಯುತ್ತಾನೆ ಎಂಬ ಚಿತ್ರ. ಓದುವ ದಿನ ಅವರ ಅತ್ತೆ ಜಾರಿ ಬಿದ್ದರೆಂದು ಸುದ್ದಿ ಬಂದು ಅವರು ಹೊರಟುಹೋದರು. ಹಾಳೆಯಲ್ಲಿ ಅವರು ಬರೆದದ್ದು: ಬಿಸಿಲು ಬಿದ್ದ ಚಂದ್ರನ ಅರ್ಧದಲ್ಲಿ ನಮಗೆ ಎಷ್ಟು ಕಾಣುತ್ತದೋ ಅಷ್ಟೇ ಅಂದಿನ ಚಂದ್ರ. ನನಗೆ ಅದು ತೊಡಕೆನಿಸಿತು. ಭಾಷೆಯ ಮಾಸ್ತರಲ್ಲವೇ, ವಾಕ್ಯ ಸಲೀಸಾಗಬೇಕೆಂದು, ‘ಭೂಮಿಯ ನೆರಳು ಬಿದ್ದಷ್ಟು ಭಾಗ ಮರೆಯಾಗುತ್ತದೆ’ ಎಂದು ತಿದ್ದಿ ಓದಿದೆ. ತುಂಬ ಚೆನ್ನಾಗಿ ಓದಿದೆ. ಅತ್ತೆಯ ಕಾಲಿನ ಚಿಂತೆಯಲ್ಲಿದ್ದ ಅಕ್ಕ ಮತ್ತೊಮ್ಮೆ ಕೇಳಿಸಿಕೊಳ್ಳದೆ ಟೇಪುಗಳನ್ನು ಶಾಲೆಗಳಿಗೆ ಕಳಿಸಿದರು.

ಮೂರು ವಾರಕ್ಕೆ ಒಂದು ಕಾರ್ಡು ಬಂತು. ಆರನೆಯ ತರಗತಿಯ ಒಂದು ಮಗು ಬರೆದಿತ್ತು: ನಿನ್ನೆ ಸಂಜೆ ಸೂರ್ಯ ಮುಳುಗುವ ಮುಂಚೆಯೇ ಅರ್ಧ ಚಂದ್ರ ನೆತ್ತಿಯ ಮೇಲಿದ್ದ. ಇಬ್ಬರೂ ಒಟ್ಟಿಗೆ ಕಾಣುತ್ತಿದ್ದರು. ಭೂಮಿ ನಡುವೆ ಇರಲೇ ಇಲ್ಲ, ನಮ್ಮ ಕಾಲ ಕೆಳಗೇ ಇತ್ತು. ನೆರಳು ಅಲ್ಲಿಗೆ ಹೇಗೆ ಹೋಯಿತು?

ಅಕ್ಕ ಕಾರ್ಡನ್ನು ಎರಡು ಸಲ ಓದಿದರು. ಟೇಪು ಹಾಕಿ ನನ್ನ ಧ್ವನಿ ಕೇಳಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಕಾರ್ಡನ್ನು ನನ್ನ ಕೈಗೆ ಕೊಟ್ಟು, “ಎಂಥ ಮಗು ನೋಡಿ ಅಣ್ಣ. ಆಕಾಶ ನೋಡಿ ನಮ್ಮ ತಪ್ಪು ಹಿಡಿದಿದೆ,” ಎಂದರು. ಅವರ ಕಣ್ಣು ಹೊಳೆಯುತ್ತಿತ್ತು. ಮರುವಾರ ಒಂದು ಹೊಸ ಚಿತ್ರ ಹೋಯಿತು. ಒಂದು ದೀಪ, ಒಂದು ನಿಂಬೆಹಣ್ಣು, ತಿರುಗುತ್ತ ನಿಂತ ಒಂದು ಮಗು. ಧ್ವನಿ ಅಕ್ಕನದೇ. ಅವರ ಗಂಟಲು ಒಡಕು. ಜೀವಮಾನದಲ್ಲಿ ಅವರು ಓದಿದ್ದು ಅದೊಂದೇ ಚಿತ್ರ. ಅದರ ಮೊದಲ ಮಾತು, “ಹೋದ ತಿಂಗಳು ಚಂದ್ರನ ವಿಷಯದಲ್ಲಿ ನಾನು ನಿಮಗೆ ತಪ್ಪು ಹೇಳಿದೆ.”

‘ನಾನು’ ಎಂದರು. ಹೇಳಿದವನು ನಾನು. ಇಲಾಖೆ ಅವರಿಂದ ವಿವರಣೆ ಬರೆಸಿಕೊಂಡಿತು, ಒಂದು ವರ್ಷ ಬಡ್ತಿ ತಡೆಯಿತು. ಇಪ್ಪತ್ತೊಂಬತ್ತು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೆ. ಇಂದು ಬರೆಯುತ್ತಿದ್ದೇನೆ: ಆ ತಪ್ಪು ನನ್ನದು.

ಎರಡನೆಯದು ಇದಕ್ಕೆ ಅಂಟಿಕೊಂಡೇ ಬಂತು. ಆ ಕಾರ್ಡಿನ ನಂತರ ಅಕ್ಕ ತಮ್ಮ ಹಾಳೆಗಳಲ್ಲಿ ಒಂದು ಸಾಲು ಬರೆಯತೊಡಗಿದರು. ಯಾರಿಗೂ ಉತ್ತರ ಪೂರ್ತಿ ತಿಳಿಯದ ಕಡೆ, ‘ಇದು ನಮಗೂ ಗೊತ್ತಿಲ್ಲ’ ಎಂದು. ನಾನು ಓದಲಾರೆ ಎಂದೆ.

“ಯಾಕೆ ಅಣ್ಣ?”

“ಇಪ್ಪತ್ತಮೂರು ವರ್ಷ ಪಾಠ ಹೇಳಿದ್ದೀನಿ. ಒಂದು ದಿನಾನೂ ಮಕ್ಕಳ ಮುಂದೆ ಗೊತ್ತಿಲ್ಲ ಅಂದಿಲ್ಲ. ಹಾಗಂದ್ರೆ ಮಾರನೇ ದಿನ ಬೆಂಚಿನ ಮೇಲೆ ನಿಂತ್ಕೋತಾರೆ.”

“ನಿಂತ್ಕೊಳ್ಳಲಿ ಬಿಡಿ, ದೂರದ್ದು ಕಾಣುತ್ತೆ,” ಎಂದರು. ನಾನು ನಗಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ನನ್ನ ಧ್ವನಿಯನ್ನು ಅದಕ್ಕೂ ಮುಂಚಿನ ಸಾಲಿಗೆ ನಿಲ್ಲಿಸಿ, ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ತಮ್ಮ ದುಂಡು ಅಕ್ಷರದಲ್ಲಿ ‘ನಮಗೂ ಗೊತ್ತಿಲ್ಲ. ನಿಮಗೇನನ್ನಿಸುತ್ತೆ?’ ಎಂದು ಬರೆದು, ಹತ್ತು ಸೆಕೆಂಡು ಸದ್ದಿಲ್ಲದೆ ತೋರಿಸಿದರು. ಮಕ್ಕಳು ಆ ಹಲಗೆಗಾಗಿ ಕಾಯತೊಡಗಿದರು. ಎಲ್ಲೆಲ್ಲಿಂದಲೋ ಬಂದ ವಿದ್ವಾಂಸರು ಆ ಮೌನವನ್ನು ಮೆಚ್ಚಿ ಪ್ರಬಂಧ ಬರೆದರು. ಈ ಗ್ರಂಥದಲ್ಲೂ ಅದರ ಮೇಲೆ ಎರಡು ಲೇಖನಗಳಿವೆ. ಮಾನ್ಯರು ಕ್ಷಮಿಸಬೇಕು. ಅದು ಶೈಲಿಯಲ್ಲ, ನನ್ನ ಹಟ. ನನ್ನ ಹಟದಿಂದ ಖಾಲಿ ಉಳಿದ ಜಾಗದಲ್ಲಿ ಆಕೆ ಹೂವಿಟ್ಟರು.

ನಾನು ದೇವರನ್ನು ನಂಬಿದವನು. ಬೆಳಗಿನ ಪ್ರಾರ್ಥನೆ ಆಗದೆ ನೀರನ್ನೂ ಕುಡಿಯುವುದಿಲ್ಲ. ಅಕ್ಕ ಪ್ರಾರ್ಥನೆ ಮಾಡಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಚಹಾ ಕುಡಿಯುತ್ತ, “ದೇವರನ್ನ ನಂಬ್ತೀರೇನು ಅಕ್ಕ?” ಎಂದು ಕೇಳಿಯೇಬಿಟ್ಟೆ. ಲೋಟ ಕೆಳಗಿಟ್ಟರು. “ಅವನನ್ನ ಕೇಳೋದನ್ನಂತೂ ಒಂದು ದಿನವೂ ಬಿಟ್ಟಿಲ್ಲ ಅಣ್ಣ. ಅದು ಸಾಲದಾ?” ಎಂದರು. ಆ ಸಂಜೆ ನನ್ನ ಪ್ರಾರ್ಥನೆ ನನಗೇ ಸ್ವಲ್ಪ ಬೇರೆಯಾಗಿ ಕೇಳಿಸಿತು.

ಹನ್ನೆರಡು ವರ್ಷದ ಹಿಂದೆ ನನ್ನ ಮನೆಯವಳು ತೀರಿಕೊಂಡಳು. ನಾನು ಬಾಗಿಲು ಹಾಕಿಕೊಂಡು ಕುಳಿತೆ. ಯಾರೊಡನೆಯೂ ಮಾತಿಲ್ಲ, ಪ್ರಾರ್ಥನೆಗೂ ಬಾಯಿ ಬರುತ್ತಿರಲಿಲ್ಲ. ಒಂದು ತಿಂಗಳಾದ ಮೇಲೆ ಅಕ್ಕ ಬಂದರು, ಹಿಂದೆ ದುರ್ಬೀನು, ಅವನ ಹೆಗಲ ಮೇಲೆ ರೆಕಾರ್ಡರು. ಸಮಾಧಾನದ ಮಾತೊಂದೂ ಆಡಲಿಲ್ಲ. ಕಿಟಕಿಗೆ ಕೌದಿ ಹಾಕಿಸಿ, ನನ್ನ ಮುಂದೆ ಮೈಕು ಇಟ್ಟು, ಒಂದು ಹಾಳೆ ಕೊಟ್ಟರು. ಚಿತ್ರದ ಹೆಸರು: ಅಳುವಾಗ ಗಂಟಲು ಕಟ್ಟುವುದೇಕೆ?

ನನಗೆ ಸಿಟ್ಟು ಬಂತು. “ಇದನ್ನ ನನ್ನ ಕೈಲಿ ಓದಿಸ್ತೀರಾ?” ಎಂದೆ. ಒಂದು ತಿಂಗಳಲ್ಲಿ ನಾನು ಆಡಿದ ಮೊದಲ ಪೂರ್ತಿ ವಾಕ್ಯ ಅದು.

“ಬೇರೆ ಯಾರು ಓದಿದರೂ ಸುಳ್ಳಾಗುತ್ತೆ ಅಣ್ಣ,” ಎಂದರು. “ದಿನಕ್ಕೆ ಒಂದು ಸಾಲು. ಅಷ್ಟೇ.”

ದಿನಕ್ಕೊಂದು ಸಾಲಿನಂತೆ ಇಪ್ಪತ್ತೆರಡು ದಿನ. ಅಳುವಾಗ ಉಸಿರಿಗೆ ದಾರಿ ಅಗಲವಾಗಲೆಂದು ಗಂಟಲು ತೆರೆದುಕೊಳ್ಳುತ್ತದೆ. ನಾವು ದುಃಖ ನುಂಗಲು ಹೋದರೆ ಅದೇ ಗಂಟಲು ಮುಚ್ಚಿಕೊಳ್ಳಲು ನೋಡುತ್ತದೆ. ಈ ಎಳೆದಾಟವೇ ಗಂಟು. ಆ ಸಾಲು ಓದಿದ ದಿನ ಗಂಟು ಬಿಚ್ಚಿತು. ಮೈಕಿನ ಮುಂದೆಯೇ ಅತ್ತುಬಿಟ್ಟೆ. ಅಕ್ಕ ರೆಕಾರ್ಡರು ನಿಲ್ಲಿಸಿ, ಒಳಗೆ ಹೋಗಿ, ಒಲೆಯ ಮೇಲೆ ಅನ್ನಕ್ಕಿಟ್ಟು ಬಂದರು. ಆ ಚಿತ್ರವನ್ನು ನೋಡಿದವರಿಗೆ ನನ್ನ ಧ್ವನಿ ಸಾಲುಸಾಲಿಗೂ ಬೇರೆಯಾಗಿರುವುದು ಕೇಳಿಸುತ್ತದೆ. ಅದನ್ನು ಅವರು ಸರಿಪಡಿಸಲಿಲ್ಲ.

ಕಡೆಯ ವರ್ಷಗಳಲ್ಲಿ ಚಿತ್ರಗಳು ಫೋನಿಗೆ ಹೋದವು. ಒಬ್ಬ ಹೊಸ ಅಧಿಕಾರಿ ಬಂದು, ಮೂರು ನಿಮಿಷ ಯಾರೂ ನೋಡುವುದಿಲ್ಲ, ಒಂದು ನಿಮಿಷ ಮಾಡಿ, ಹಿಂದೆ ಜೋರು ಸಂಗೀತ ಹಾಕಿ, ಇಲ್ಲದಿದ್ದರೆ ಮಕ್ಕಳು ಓಡಿಹೋಗುತ್ತಾರೆ ಎಂದರು. “ಓಡಲಿ ಸಾರ್,” ಎಂದರು ಅಕ್ಕ, “ಪ್ರಶ್ನೆ ಹಿಡ್ಕೊಂಡು ಓಡಲಿ.” ಸಂಗೀತ ಹಾಕಲಿಲ್ಲ. ನೋಡುವವರು ಕಡಿಮೆಯಾದರು, ಪತ್ರಗಳು ಕಡಿಮೆಯಾಗಲಿಲ್ಲ. ಬಂದ ಪ್ರತಿಯೊಂದು ಪ್ರಶ್ನೆಗೂ ತಿಂಗಳೊಳಗೆ ಉತ್ತರ ಹೋಗಬೇಕೆಂಬ ನಿಯಮವನ್ನು ಅವರು ಒಮ್ಮೆಯೂ ಮುರಿಯಲಿಲ್ಲ.

ಕೊನೆಯ ಪ್ರಶ್ನೆ ಕಾರ್ಡಿನಲ್ಲಿ ಬರಲಿಲ್ಲ. ಒಂದು ಶಾಲೆಯ ಮಕ್ಕಳು ಘಟಕವನ್ನು ನೋಡಲು ಬಂದಿದ್ದರು. ಎರಡನೆಯ ತರಗತಿಯ ಒಂದು ಹುಡುಗಿ, ಮುಂದಿನ ಎರಡು ಹಲ್ಲಿಲ್ಲ, ಗೋಡೆಯ ಟ್ರೇಗಳನ್ನು ಬೆರಳಿಂದ ಒತ್ತಿ ನೋಡಿ, “ಮೊಟ್ಟೆ ಎಲ್ಲಿ?” ಎಂದಳು.

“ಖಾಲಿಯಾದ್ವು ಕಂದ,” ಎಂದರು ಅಕ್ಕ.

ಹುಡುಗಿ ಒಂದು ಗುಳಿಯಲ್ಲಿ ಮುಷ್ಟಿ ಇಟ್ಟುಕೊಂಡು ನಿಂತಳು. “ಮೊಟ್ಟೆ ಒಳಗಿರೋವಾಗ ಮರಿಗೆ, ಹೊರಗೆ ಒಂದು ಇದೆ ಅಂತ ಗೊತ್ತಿರುತ್ತಾ?”

“ಒಂದು ಏನು?”

“ಎಲ್ಲಾ,” ಎಂದಳು, ಎರಡು ಕೈಯನ್ನೂ ಅಗಲಿಸಿ.

ಅಕ್ಕ ಅವಳ ಮುಂದೆ ನೆಲದ ಮೇಲೆ ಕುಳಿತುಬಿಟ್ಟರು. “ತಿಂಗಳೊಳಗೆ ಚಿತ್ರ ಮಾಡಿ ಕಳಿಸ್ತೀನಿ,” ಎಂದು ಮಾತು ಕೊಟ್ಟರು. ಅದೇ ತಮ್ಮ ಕೊನೆಯ ಚಿತ್ರವೆಂದೂ ನಮಗೆ ಹೇಳಿದರು. ಕತ್ತಲೆಯಲ್ಲಿ ಮೊಟ್ಟೆಯ ಹಿಂದೆ ಟಾರ್ಚು ಹಿಡಿದರೆ ಒಳಗೆ ಕೆಂಪು ನರಗಳು ಕಾಣುತ್ತವೆ, ನಡುವೆ ಒಂದು ಚುಕ್ಕೆ ಮಿಡಿಯುತ್ತದೆ. ದುರ್ಬೀನು ಅದನ್ನು ಉಸಿರು ಬಿಗಿಹಿಡಿದು ಚಿತ್ರಿಸಿದ. ಮರಿ ಹೊರಗಿನ ಸದ್ದು ಕೇಳುತ್ತದೆ, ತಾಯಿ ಕರೆದರೆ ಒಳಗಿಂದಲೇ ಓಗೊಡುತ್ತದೆ, ಕೊನೆಗೆ ತಾನೇ ಚಿಪ್ಪು ಕುಟುಕುತ್ತದೆ. ಇಷ್ಟನ್ನು ನಾನು ಓದಿದೆ. ಉಳಿದದ್ದು ಒಂದು ಸಾಲು, ‘ಗೊತ್ತಿಲ್ಲ’ ಎಂಬುದು.

“ಇದೊಂದನ್ನ ಹಲಗೆ ಮೇಲೆ ಬರೆಯೋಕೆ ಇಷ್ಟವಿಲ್ಲ ಅಣ್ಣ,” ಎಂದರು. “ಆ ಮಗುವಿಗೆ ಓದೋಕೆ ಇನ್ನೂ ಸರಿಯಾಗಿ ಬರಲ್ಲ. ಯಾರಾದ್ರೂ ಅವಳ ಪಕ್ಕದಲ್ಲಿ ಕೂತು ಹೇಳಬೇಕು.”

ನಾನು ಆಗಲೂ ಆಗದು ಎಂದು ತಲೆಯಲ್ಲಾಡಿಸಿದೆ. ಭಾನುವಾರ ಅವರು ಫೋನು ಮಾಡಿದರು. “ಒಂದು ಸಾಲು ಓದಿ ಹೋಗಿ, ಅರ್ಧ ನಿಮಿಷ ಹಿಡಿಯಲ್ಲ.”

“ಸಮಾರಂಭ ಮುಗೀಲಿ ಅಕ್ಕ. ಆಮೇಲೆ ನೋಡೋಣ.”

“ಸರಿ,” ಎಂದರು. “ನೀವು ಬರ್ತೀರಿ ಅಂತ ಗೊತ್ತು.”

ಬುಧವಾರ ಅವರು ಹೋದರು.

ಅವರನ್ನು ಬೀಳ್ಕೊಟ್ಟು ಬಂದ ಐದನೆಯ ದಿನ, ಅವರ ಯಜಮಾನರು ನನ್ನ ಮನೆಗೆ ಬಂದರು. ಕೈಯಲ್ಲಿ ಅಕ್ಕನ ಮೇಜಿನ ಕ್ಯಾಲೆಂಡರು. ಶುಕ್ರವಾರದ ಮೇಲೆ ಸುತ್ತು ಹಾಕಿ ‘ಮೊಟ್ಟೆ ಹುಡುಗಿ, ಕಡೇ ದಿನ’ ಎಂದು ಬರೆದಿತ್ತು. “ನಾನು ಗಡಿಯಾರದವನು ಮಾಸ್ತರೇ,” ಎಂದರು. “ಹೊತ್ತು ಮೀರೋದು ನನಗೆ ಸಹಿಸೋಕಾಗಲ್ಲ.” ಕ್ಯಾಲೆಂಡರನ್ನು ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಂಡು ಹೋದರು.

ಗುರುವಾರ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಘಟಕಕ್ಕೆ ಹೋದೆ. ಸವೆದ ಮೆಟ್ಟಿಲಿನ ಗುಳಿಯಲ್ಲಿ ಕಾಲಿಟ್ಟು ಹತ್ತಿದೆ. ದುರ್ಬೀನು ಮೈಕು ಸಿದ್ಧ ಮಾಡಿದ. ಮೊದಲ ಸಲ ಓದಿದೆ. ಅವನು ಮೈಕಿನ ಆಚೆಯಿಂದ ನೋಡಿದ, ಮೆಲ್ಲಗೆ ಕೈ ಎತ್ತಿದ. “ಮಾಸ್ತರೇ, ಗಂಟೆ ಬಾರಿಸಬೇಡಿ,” ಎಂದ. ಹೇಳಿದ ಮೇಲೆ ಅವನೇ ಮುಖ ತಿರುಗಿಸಿಕೊಂಡ.

ಎರಡನೆಯ ಸಲ ಕಣ್ಣು ಮುಚ್ಚಿಕೊಂಡೆ. ಹಲ್ಲಿಲ್ಲದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. “ನನಗೆ ಗೊತ್ತಿಲ್ಲ ಕಂದ,” ಎಂದೆ. “ನಿನಗೇನನ್ನಿಸುತ್ತೆ?”

ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು, ಅದು ಸೋಲಿನ ಮಾತಲ್ಲ. ಐವತ್ತು ವರ್ಷದಿಂದ ಹೆಗಲ ಮೇಲಿದ್ದುದನ್ನು ಕೆಳಗಿಟ್ಟಂತಾಯಿತು.

ಶುಕ್ರವಾರ ಚಿತ್ರವನ್ನು ಆ ಶಾಲೆಗೆ ದುರ್ಬೀನೇ ಕೊಂಡೊಯ್ದ. ಹುಡುಗಿ ಮೂರು ನಿಮಿಷ ಅಲುಗಾಡದೆ ನೋಡಿದಳಂತೆ. ಮುಗಿದ ಮೇಲೆ, “ಹಾಗಾದ್ರೆ ಕೋಳಿಗೆ, ತಾನು ಒಳಗಿದ್ದಿದ್ದು ನೆನಪಿರುತ್ತಾ?” ಎಂದು ಕೇಳಿದಳಂತೆ. ಪಾಸು.

ಒಂದು ಮಾತು ಉಳಿಯಿತು. ಪ್ರತಿ ಓದಿನ ನಂತರ ಕೋಣೆಯ ಬರೀ ಮೌನವನ್ನು ಹತ್ತು ಸೆಕೆಂಡು ಮುದ್ರಿಸಿಕೊಳ್ಳುವುದು ನಮ್ಮ ಕೆಲಸದ ಪದ್ಧತಿ. ಮಾತುಗಳ ನಡುವೆ ಜೋಡಿಸಲು ಅದು ಬೇಕು. ಆಗ ಯಾರೂ ಅಲುಗಾಡಬಾರದು. ಅಕ್ಕ ಆ ಹತ್ತು ಸೆಕೆಂಡು ಯಾವಾಗಲೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಏನು ಮಾಡುತ್ತಿದ್ದರೆಂದು ನಾನು ಕೇಳಿರಲಿಲ್ಲ. ಗುರುವಾರ ಆ ಸಾಲು ಓದಿದ ಮೇಲೆ ದುರ್ಬೀನು ಬೆರಳು ಎತ್ತಿ ಸನ್ನೆ ಮಾಡಿದ. ಖಾಲಿ ಟ್ರೇಗಳ ನಡುವೆ ನಾನು ಅವರಂತೆಯೇ ಕಣ್ಣು ಮುಚ್ಚಿ ನಿಂತೆ. ಅಭಿನಂದನೆಯ ಹಾರೈಕೆಯ ಜಾಗದಲ್ಲಿ, ಆಗ ನಾನು ಮಾಡಿದ ಪ್ರಾರ್ಥನೆಯನ್ನೇ ಇಲ್ಲಿ ಇಡುತ್ತೇನೆ.

ಭಗವಂತ, ನಮ್ಮ ಅಕ್ಕ ಎಲ್ಲಿಗೆ ಹೋದರೆಂದು ನನಗೆ ಗೊತ್ತಿಲ್ಲ. ನಿನಗೆ ಗೊತ್ತು. ಒಂದು ಕಾಲಿಗೆ ಚಪ್ಪಲಿ ಇಲ್ಲದೆ ಹೊರಟವರು, ದಾರಿ ಮೆತ್ತಗಿರಲಿ. ಅವರು ನಿನ್ನನ್ನು ಬಹಳ ಪ್ರಶ್ನೆ ಕೇಳುತ್ತಾರೆ. ಬೇಸರಪಡದೆ ಪಕ್ಕದಲ್ಲಿ ಕೂರಿಸಿಕೊಂಡು, ಅರ್ಧ ಧ್ವನಿಯಲ್ಲಿ, ಒಂದೊಂದಾಗಿ ಹೇಳು. ಆ ಜೀವಕ್ಕೆ ಶಾಂತಿ ಕೊಡು.